ಶಾಲೆ ಬದಲಿಸಬೇಕೆ? ಮೊದಲು ಕಾರಣ ತಿಳಿಯಿರಿ

ಸೋಮವಾರ ಬೆಳಿಗ್ಗೆ ಸಮವಸ್ತ್ರ ಕಂಡೊಡನೆ ನಿಮ್ಮ ಮಗುವಿಗೆ ಹೊಟ್ಟೆನೋವು. ಶಾಲೆಯ ವ್ಯಾನು ಹೊರಟುಹೋದ ಅರ್ಧ ಗಂಟೆಗೆ ನೋವು ಮಾಯ. ಭಾನುವಾರ, ದಸರಾ ರಜೆಯಲ್ಲಿ ಅದರ ಸುಳಿವೇ ಇಲ್ಲ. ಇದನ್ನು 'ನಾಟಕ' ಎಂದು ಗದರಿಸಬೇಡಿ. ಮನಸ್ಸಿನ ಆತಂಕ ಹೊಟ್ಟೆನೋವು, ತಲೆನೋವು, ವಾಂತಿಯ ರೂಪದಲ್ಲಿ ಹೊರಬರುವುದು ಮಕ್ಕಳಲ್ಲಿ ಸಾಮಾನ್ಯ. ನೋವು ನಿಜವಾದದ್ದೇ. ಆದರೆ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ ಅಥವಾ ತೂಕ ಇಳಿಯುವುದು ಕಂಡುಬಂದರೆ ವೈದ್ಯರಿಗೆ ತೋರಿಸಿ.

'ನಾಳೆಯೇ ಟಿ.ಸಿ. ತಂದುಬಿಡೋಣ' ಎನ್ನುತ್ತಾರೆ ಮನೆಯಲ್ಲಿ ಒಬ್ಬರು. 'ಅಷ್ಟು ಡೊನೇಷನ್ ಕೊಟ್ಟು ಸೇರಿಸಿದ್ದೇವೆ, ಹೊಂದಿಕೊಳ್ಳಲಿ' ಎನ್ನುತ್ತಾರೆ ಮತ್ತೊಬ್ಬರು. ಕೊಟ್ಟ ಹಣ ಹೇಗೂ ಮುಗಿದ ಲೆಕ್ಕ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತೊಂದರೆ ಶಾಲೆಯಲ್ಲಿದೆಯೆ ಅಥವಾ ಮಗುವಿನ ಜೊತೆ ಹೊಸ ಶಾಲೆಗೂ ಬರುವಂಥದೆ?

ಜೊತೆಗೇ ಬರುವ ತೊಂದರೆಗಳು

ಕರಿಹಲಗೆ ಸರಿಯಾಗಿ ಕಾಣದ, ಪಾಠ ಸರಿಯಾಗಿ ಕೇಳಿಸದ ಮಗು ಎಲ್ಲಿಯೂ ಹಿಂದೆ ಬೀಳುತ್ತದೆ. ಆದ್ದರಿಂದ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬಾಯಿಮಾತಿನಲ್ಲಿ ಚೆನ್ನಾಗಿ ಉತ್ತರಿಸುವ ಮಗು ಓದು, ಬರಹದಲ್ಲಿ ಮಾತ್ರ ಸದಾ ಎಡವುತ್ತಿದ್ದರೆ ಕಲಿಕಾ ನ್ಯೂನತೆ ಇರಬಹುದು. ಅದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ತಜ್ಞರು ಅದನ್ನು ಪ್ರಮಾಣೀಕರಿಸಿದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ ಹೆಚ್ಚಿನ ಸಮಯದಂಥ ರಿಯಾಯಿತಿಗಳಿವೆ. ನಿದ್ದೆಯನ್ನೂ ಗಮನಿಸಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿವರೆಗೂ ಟ್ಯೂಷನ್, ಮುಂಜಾನೆಯೇ ವ್ಯಾನು ಎಂದಾದರೆ ಇದು ಹೇಗೆ ಸಾಧ್ಯ?

ಶಾಲೆಯಲ್ಲೇ ಇರುವ ತೊಂದರೆಗಳು

ವಯಸ್ಸಿಗೆ ಮೀರಿದ ಮನೆಪಾಠ, ಅಂಕಗಳನ್ನು ತರಗತಿಯಲ್ಲಿ ಓದಿ ಅವಮಾನಿಸುವುದು, ಸಹಪಾಠಿಗಳ ಕಾಟ, ಹೊಡೆತ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ದಿನ ನೋವು, ಅಂದು ಯಾವ ಪಾಠ, ಯಾರ ಹೆಸರು ಬಂದರೆ ಮಗು ಮೌನವಾಗುತ್ತದೆ. ಅದನ್ನು ಹಿಡಿದು, ಮಗುವಿನ ಎದುರಿಗಲ್ಲದೆ, ತರಗತಿಯ ಶಿಕ್ಷಕರೊಡನೆ ಮಾತನಾಡಿ. ಟ್ಯೂಷನ್ ಕಡಿಮೆ ಮಾಡಿ. ಒಂದೆರಡು ತಿಂಗಳು ನೋಡಿ. ಶಾಲೆ ಕಿವಿಗೊಡದಿದ್ದರೆ, ಮಗು ಬಾಡುತ್ತಲೇ ಇದ್ದರೆ, ಬದಲಿಸಲು ಹಿಂಜರಿಯಬೇಡಿ.

ಆದರೆ 'ನಾನು ಸತ್ತರೆ ಚೆನ್ನ' ಎಂದು ಮಗು ಹೇಳಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಯಾರಾದರೂ ಅದರೊಂದಿಗೆ ಅಸಭ್ಯವಾಗಿ ವರ್ತಿಸಿದ್ದರೆ ಒಂದು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಬದಲಿಸುವಾಗ

ತುರ್ತಿಲ್ಲದಿದ್ದರೆ ಬೇಸಿಗೆ ರಜೆಯಲ್ಲಿ ಬದಲಿಸುವುದು ಒಳ್ಳೆಯದು. 8ನೇ ತರಗತಿಯವರೆಗೆ ಸರ್ಕಾರಿ, ಅನುದಾನಿತ ಶಾಲೆಗಳು ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಸೇರಿಸುವ ಮುನ್ನ ಮಗುವಿಗೆ ಹೊಸ ಶಾಲೆಯನ್ನು ತೋರಿಸಿ, ಹಳೆಯ ಗೆಳೆಯರನ್ನು ಮನೆಗೆ ಕರೆಯಿರಿ. 'ನಿನ್ನ ಕೈಲಿ ಆಗಲಿಲ್ಲ, ಅದಕ್ಕೇ ತೆಗೆದೆವು' ಎಂದು ನೆಂಟರ ಎದುರಾಗಲಿ, ಏಕಾಂತದಲ್ಲಾಗಲಿ ಅನ್ನಬೇಡಿ. 'ನಿನಗೆ ಹೊಂದುವ ಶಾಲೆ ಹುಡುಕಿದ್ದೇವೆ' ಎನ್ನಿ. ಸೋತೆನೆಂಬ ಭಾವನೆಯನ್ನು ಹೊತ್ತು ಹೋದ ಮಗುವಿಗೆ ಎಂಥ ಒಳ್ಳೆಯ ಶಾಲೆಯೂ ಹಳೆಯದರಂತೆಯೇ ಕಾಣುತ್ತದೆ.