ದಾದುವಿನ ಗಿಟಾರಿಗೆ ಆರು ಹೊಸ ಬಿರಡೆ

ಕಳೆದ ದಸರಾ ರಜೆಯಲ್ಲಿ ಸಿಂಧನೂರಿನ ಆರ್.ಎಚ್. ಕ್ಯಾಂಪಿಗೆ ದುರ್ಗಾ ಪೂಜೆ ನೋಡಲು ಹೋಗಿದ್ದೆ. ಕರೆದುಕೊಂಡು ಹೋದವನು ನನ್ನ ಕ್ಲಾಸ್‌ಮೇಟ್. ಅವರದು ಬಂಗಾಳಿ ಕುಟುಂಬ. ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಬಿಟ್ಟು ಬಂದವರಿಗೆ ಸರ್ಕಾರ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೆಲೆ ಕೊಟ್ಟಿತ್ತು. ಗೆಳೆಯ ಅಮ್ಮನ ಜೊತೆ ಬಂಗಾಳಿ, ನನ್ನ ಜೊತೆ ಅಪ್ಪಟ ರಾಯಚೂರು ಕನ್ನಡ ಮಾತಾಡುತ್ತಾನೆ. ಇಂಟರ್ನಲ್ಸ್ ಬಂದಾಗ ಎರಡೂ ಭಾಷೆಯಲ್ಲಿ ದೇವರನ್ನು ಕರೆಯುತ್ತಾನೆ.

ಅವತ್ತು ಸಂಜೆ ವೇದಿಕೆಯ ಮೇಲೆ ಅವನ ಅಜ್ಜ ಕೂತಿದ್ದರು. ಮನೆಯವರ ಬಾಯಲ್ಲಿ ಅವರು ‘ದಾದು’. ತೊಡೆಯ ಮೇಲೆ ಗಿಟಾರ್ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ಹಳೆಯ ಹಾಡೊಂದನ್ನು ನುಡಿಸುತ್ತಿದ್ದರು. ಅರ್ಧ ಹಾಡಿಗೆ ಮೊದಲ ತಂತಿ ಇಳಿಯಿತು. ನಿಲ್ಲಿಸಿ ಬಿರಡೆ ತಿರುಗಿಸಿದರು. ಮತ್ತೆ ಇಳಿಯಿತು. ಮತ್ತೆ ತಿರುಗಿಸಿದರು. ಮೂರನೇ ಸಲ ಮುಂದೆ ಕೂತಿದ್ದ ಹುಡುಗರು ನಕ್ಕರು. ದಾದು ಗಿಟಾರ್ ಎತ್ತಿಕೊಂಡು ಇಳಿದು ಬಂದರು. ‘ವಯಸ್ಸಾತು, ಅದಕ್ಕೂ ನನಗೂ’ ಎಂದು ನಕ್ಕರು. ಕಣ್ಣು ಮಾತ್ರ ನಗಲಿಲ್ಲ.

‘ನಾ ರಿಪೇರಿ ಮಾಡ್ತೀನಿ ಬಿಡ್ರಿ ದಾದು, ನಾ ಮೆಕ್ಯಾನಿಕಲ್’ ಅಂದುಬಿಟ್ಟೆ. ‘ಡಿಸೈನ್ ಆಫ್ ಮಷೀನ್ ಎಲಿಮೆಂಟ್ಸ್’ ಪೇಪರ್ ಬ್ಯಾಕ್‌ಲಾಗ್ ಇರುವ ಮೆಕ್ಯಾನಿಕಲ್ ಎಂದು ಹೇಳಲಿಲ್ಲ.

ಮರುದಿನ ಬಸ್ಸಿನಲ್ಲಿ ಆ ಗಿಟಾರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮಸ್ಕಿಗೆ ಬಂದೆ. ಕ್ಯಾಂಪಿನ ಹೊಲದಲ್ಲಿ ಬೆಳೆದ ಭತ್ತದ ದುಡ್ಡಿನಲ್ಲಿ ದಾದು ಕೋಲ್ಕತ್ತಾದಲ್ಲಿ ಕೊಂಡದ್ದಂತೆ ಅದು.

ತೊಡೆಯ ಮೇಲಿನ ಗಿಟಾರ್

ಇದನ್ನು ಹವಾಯಿಯನ್ ಗಿಟಾರ್ ಎನ್ನುತ್ತಾರೆ. ಹವಾಯಿ ದ್ವೀಪದ ಜೋಸೆಫ್ ಕೆಕುಕು 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಶೈಲಿ. ಬೆರಳಿನಿಂದ ತಂತಿ ಒತ್ತುವುದಿಲ್ಲ, ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸುತ್ತಾರೆ. ಹವಾಯಿಯ ಕಲಾವಿದ ಟೌ ಮೋ 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ನೆಲೆಸಿದ್ದರು. ಆ ನಗರಕ್ಕೆ ಈ ವಾದ್ಯದ ಹುಚ್ಚು ಚೆನ್ನಾಗಿಯೇ ಹಿಡಿಯಿತು. ಸುನಿಲ್ ಗಂಗೂಲಿ ಇದರಲ್ಲಿ ಸಿನಿಮಾ ಹಾಡುಗಳನ್ನು ನುಡಿಸಿ ರೆಕಾರ್ಡ್ ತಂದರು. ಬ್ರಿಜ್ ಭೂಷಣ್ ಕಾಬ್ರಾ 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ಇದೇ ಬಗೆಯ ಗಿಟಾರಿನಲ್ಲಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಇದಕ್ಕೆ ಇನ್ನಷ್ಟು ತಂತಿ ಸೇರಿಸಿ ಮೋಹನವೀಣೆ ಮಾಡಿಕೊಂಡರು, 1994ರಲ್ಲಿ ಗ್ರ್ಯಾಮಿ ಗೆದ್ದರು.

ಅಮೆರಿಕದಲ್ಲಿ ಇದೇ ವಾದ್ಯ ಕಾಲು ಬೆಳೆಸಿಕೊಂಡು ಪೆಡಲ್ ಸ್ಟೀಲ್ ಗಿಟಾರ್ ಆಯಿತು. ಅದಕ್ಕೆ ಸಾಮಾನ್ಯವಾಗಿ ಹತ್ತು ತಂತಿ. ಪಾದದಿಂದ ಪೆಡಲ್ ಒತ್ತಿದರೆ, ಮೊಣಕಾಲಿನಿಂದ ಲಿವರ್ ತಳ್ಳಿದರೆ ತಂತಿ ಬಿಗಿಯಾಗುತ್ತದೆ ಅಥವಾ ಸಡಿಲಾಗುತ್ತದೆ, ಸ್ವರ ಬದಲಾಗುತ್ತದೆ. ಒಂದೇ ಹಾಡಿನಲ್ಲಿ ಎಷ್ಟೋ ಸಲ ಎಳೆದು ಬಿಟ್ಟರೂ ತಂತಿ ಹಳೆಯ ಜಾಗಕ್ಕೇ ಮರಳಬೇಕು. ಅದಕ್ಕೇ ಕೆಲವರು ಪೆಡಲ್ ಸ್ಟೀಲ್‌ಗೆ ಲಾಕಿಂಗ್ ಟ್ಯೂನರ್ ಹಾಕಿಸುತ್ತಾರೆ. ಮೊಬೈಲಿನಲ್ಲಿ ಇದನ್ನು ನೋಡಿದ್ದೇ ತಡ, ‘ಲಾಕ್ ಆಗುವ ಬಿರಡೆ ಅಂದ್ರೆ ತಿರುಗುವುದೇ ಇಲ್ಲ, ಸಮಸ್ಯೆ ಮುಗೀತು’ ಅಂದುಕೊಂಡೆ. ಭತ್ತದ ಕೊಯ್ಲಿನಲ್ಲಿ ದುಡಿದು ಉಳಿಸಿದ್ದ ದುಡ್ಡಿನಲ್ಲಿ ಆರರ ಒಂದು ಸೆಟ್ ಆರ್ಡರ್ ಮಾಡಿದೆ. ಎಡಕ್ಕೆ ಮೂರು, ಬಲಕ್ಕೆ ಮೂರು.

ಚಟ್ ಎಂದ ಸದ್ದು

ಪಾರ್ಸೆಲ್ ಬಂದ ದಿನವೇ ದಪ್ಪ ತಂತಿಗಳ ಕಡೆಯ ಮೂರು ಹಳೆಯ ಬಿರಡೆ ಬಿಚ್ಚಿದೆ. ಹೊಸವು ರಂಧ್ರದಲ್ಲಿ ಇಳಿಯಲಿಲ್ಲ. ಪಕ್ಕದ ಮನೆಯ ಬಡಿಗರಿಂದ ಡ್ರಿಲ್ ತಂದು, ಹತ್ತು ಮಿಲಿಮೀಟರ್ ಬಿಟ್ ಹಾಕಿ ನೇರ ಒತ್ತಿದೆ. ಬಿಟ್ ಹಳೆಯ ರಂಧ್ರದ ಅಂಚನ್ನು ಕಚ್ಚಿ ಎಳೆಯಿತು. ಚಟ್ ಎಂದು ಸದ್ದಾಯಿತು. ಗಿಟಾರಿನ ತಲೆಯಿಂದ ಹೆಬ್ಬೆರಳಿನಷ್ಟು ಚೂರು ಕಿತ್ತು ನನ್ನ ಕಾಲ ಬಳಿ ಬಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಗೆಳೆಯ ಫೋನ್ ಮಾಡಿದರೆ ‘ಪಾರ್ಸೆಲ್ ಇನ್ನೂ ಬಂದಿಲ್ಲ’ ಅಂದೆ. ಮೂರನೇ ದಿನ ತಡೆಯಲಾಗದೆ ದಾದುವಿಗೇ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಚೂರು ಐತಿಲ್ಲ? ಕಳೀಬ್ಯಾಡ’ ಅಂದರು. ಅಷ್ಟೇ.

ಗಿಟಾರನ್ನೂ ಚೂರನ್ನೂ ಟವೆಲಿನಲ್ಲಿ ಸುತ್ತಿಕೊಂಡು ಲಿಂಗಸುಗೂರಿಗೆ ಹೋದೆ. ಅಲ್ಲಿ ಅಪ್ಪನಿಗೆ ಪರಿಚಯದ ಲೇತ್ ಮೇಸ್ತ್ರಿ ಇದ್ದಾರೆ. ಓದಿದ್ದು ಏಳನೇ ಕ್ಲಾಸು. ನನ್ನ ಕಥೆ ಕೇಳಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಇದರಾಗ ಜಾರಕತ್ತಿದ್ದು ಯಾವುದು?’

‘ಬಿರಡೆ’ ಅಂದೆ. ‘ನೋಡೀ ಏನು?’ ಅಂದರು. ನೋಡಿರಲಿಲ್ಲ.

ಸಣ್ಣ ತಂತಿಗಳ ಕಡೆಯ ಹಳೆಯ ಬಿರಡೆಗಳು ಇನ್ನೂ ಇದ್ದವು. ಮೇಸ್ತ್ರಿ ಹೇಳಿದಂತೆ ಮೊದಲ ತಂತಿಯ ಕಂಬಕ್ಕೂ ಅದರ ಬುಡದ ತಗಡಿಗೂ ಸೇರಿಸಿ ಪೆನ್ನಿನಿಂದ ಒಂದು ಗೆರೆ ಎಳೆದೆ. ಶ್ರುತಿ ಮಾಡಿ ಹತ್ತು ನಿಮಿಷ ತಂತಿ ಮೀಟಿದೆ. ಸ್ವರ ಇಳಿಯಿತು. ಗೆರೆ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ! ಬಿರಡೆ ತಿರುಗಿರಲೇ ಇಲ್ಲ. ಕಂಬಕ್ಕೆ ಸಡಿಲವಾಗಿ ಸುತ್ತಿದ್ದ ತಂತಿ ಜಾರುತ್ತಿತ್ತು.

ನಮ್ಮೂರ ಭಜನೆಯವರ ಏಕತಾರಿಯ ಬಿರಡೆ ಬರೀ ಕಟ್ಟಿಗೆಯದು. ಘರ್ಷಣೆಯ ಬಲದ ಮೇಲೇ ನಿಲ್ಲುತ್ತದೆ, ಜಾರಿದರೆ ಸೀಮೆಸುಣ್ಣ ತಿಕ್ಕುತ್ತಾರೆ. ಗಿಟಾರಿನದು ಹಾಗಲ್ಲ. ಅದರೊಳಗೆ ವರ್ಮ್ ಗಿಯರ್ ಇದೆ. ವರ್ಮ್ ತಿರುಗಿಸಿದರೆ ಗಿಯರ್ ತಿರುಗುತ್ತದೆ, ಗಿಯರನ್ನು ಎಷ್ಟು ಎಳೆದರೂ ವರ್ಮ್ ತಿರುಗದು. ಇದಕ್ಕೇ ‘ಸೆಲ್ಫ್ ಲಾಕಿಂಗ್’ ಎನ್ನುವುದು. ನಾನು ಫೇಲಾದ ಪೇಪರಿನಲ್ಲೇ ಇತ್ತು ಈ ಪಾಠ! ಲಾಕಿಂಗ್ ಟ್ಯೂನರ್ ಎಂದರೆ ಗಿಯರಿಗೆ ಬೀಗವಲ್ಲ, ತಂತಿಗೆ ಬೀಗ. ಕಂಬದ ತೂತಿನಲ್ಲಿ ತಂತಿ ತೂರಿಸಿ ಹಿಂದಿನ ಚಕ್ರ ಬಿಗಿದರೆ ಒಳಗಿನ ಪಿನ್ನು ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಸುತ್ತು ಹಾಕುವ ಗೋಜೇ ಇಲ್ಲ.

ರಾತ್ರಿ ಲೆಕ್ಕ ಹಾಕಿದೆ. ತಂತಿಯ ಕಂಪನ ಅದರ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಅರ್ಧ ಸ್ವರ ಇಳಿಯಲು ಬಿಗಿತ ಸುಮಾರು 11 ಪರ್ಸೆಂಟ್ ಕಡಿಮೆಯಾದರೆ ಸಾಕು. ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯಲ್ಲಿ ಅದಕ್ಕೆ ಬೇಕಾದ ಜಾರಿಕೆ ಅರ್ಧ ಮಿಲಿಮೀಟರಿನ ಆಸುಪಾಸು. ಅಷ್ಟೇ ಅಷ್ಟು ಜಾರಿದ್ದಕ್ಕೆ ದಾದು ವೇದಿಕೆ ಇಳಿಯಬೇಕಾಗಿತ್ತು.

ಹಾಗಾದರೆ ತಂತಿಯನ್ನು ಸರಿಯಾಗಿ ಸುತ್ತಿದ್ದರೆ ಹಳೆಯ ಬಿರಡೆಯೇ ಸಾಕಿತ್ತೇ? ಸಾಕಿತ್ತು. ಆದರೆ ದಾದುವಿನ ಬೆರಳ ಗೆಣ್ಣುಗಳು ವಾತದಿಂದ ಬಿಗಿದಿವೆ. ಬಿಗಿಯಾಗಿ ಒಂದರ ಪಕ್ಕ ಒಂದು ಸುತ್ತು ಕೂರಿಸಲು ಅವರಿಂದ ಆಗುವುದಿಲ್ಲ. ಆ ಕೈಗೆ ಲಾಕಿಂಗ್ ಟ್ಯೂನರ್ ನಿಜಕ್ಕೂ ಬೇಕಿತ್ತು. ನಾನು ಕೊಂಡದ್ದು ಸರಿಯಾದ ವಸ್ತುವೇ, ಕೊಂಡ ಕಾರಣ ತಪ್ಪಾಗಿತ್ತು.

ಮೊದಲು ಅಳತಿ, ಆಮ್ಯಾಲೆ ತೂತು

ಮೇಸ್ತ್ರಿ ಕೈಗೆ ವರ್ನಿಯರ್ ಕೊಟ್ಟರು. ಲ್ಯಾಬಿನಲ್ಲಿ ಗೆಳೆಯನ ರೆಕಾರ್ಡ್ ನೋಡಿ ರೀಡಿಂಗ್ ಬರೆದುಕೊಂಡವನು ನಾನು. ಅವತ್ತು ಮೊದಲ ಸಲ ನಿಜವಾಗಿ ಅಳೆದೆ. ಹಳೆಯ ರಂಧ್ರ 8.7 ಮಿಲಿಮೀಟರ್, ಹೊಸ ಟ್ಯೂನರಿನ ಕತ್ತು 9.8. ಬೇಕಾಗಿದ್ದದ್ದು ಒಂದು ಮಿಲಿಮೀಟರ್ ಚಿಲ್ಲರೆ. ಅದಕ್ಕೆ ಡ್ರಿಲ್ಲೇ ಬೇಡ, ಕೈಯಲ್ಲಿ ತಿರುವುವ ಮೊನಚು ರೀಮರ್ ಸಾಕು ಎಂದರು.

ಚೂರಿಗೆ ಅಂಟು ಸವರಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಟ್ಟೆವು. ಹಾಳಾದ ರಂಧ್ರಕ್ಕೆ ತೇಗದ ಗೂಟ ಕೂರಿಸಿ, ಹಿಂದೆ ಹಲಗೆ ಆನಿಸಿ, ಸಣ್ಣ ಬಿಟ್ಟಿನಿಂದ ಶುರುಮಾಡಿ ಹೊಸದಾಗಿ ಕೊರೆದೆವು. ಉಳಿದ ಐದನ್ನು ನಾನೇ ರೀಮರಿನಿಂದ ಹಿಗ್ಗಿಸಿದೆ. ನಾಲ್ಕು ಸುತ್ತು ತಿರುವುವುದು, ಟ್ಯೂನರ್ ಇಟ್ಟು ನೋಡುವುದು, ಮತ್ತೆ ತಿರುವುವುದು. ಹಳೆಯ ಸ್ಕ್ರೂ ತೂತುಗಳಿಗೆ ಅಂಟಿನಲ್ಲಿ ಅದ್ದಿದ ಹಲ್ಲುಕಡ್ಡಿ ತುಂಬಿದೆ. ಹೊಸ ಸ್ಕ್ರೂಗೆ ಮೊದಲೇ ಸಣ್ಣ ತೂತು ಹಾಕಿದೆ, ಇಲ್ಲದಿದ್ದರೆ ಒಣ ಮರ ಮತ್ತೆ ಸೀಳುತ್ತದೆ. ಕೊನೆಗೆ ತಂತಿ ತೂರಿಸಿ, ನೇರ ಎಳೆದು, ಚಕ್ರ ಬಿಗಿದೆ. ಅರ್ಧ ಸುತ್ತಿಗೆಲ್ಲ ಶ್ರುತಿ ಬಂತು.

ಆದರೆ ಮೂರನೇ ತಂತಿ ಮತ್ತೆ ಇಳಿಯಿತು! ಈ ಸಲ ಬಯ್ಯುವ ಮೊದಲು ನೋಡಿದೆ. ತಲೆಯ ಕಡೆ ತಂತಿಗಳು ಹಾದುಹೋಗುವ ಗಾಡಿಯ ಪಟ್ಟಿಯ ಆಚೆಗೆ ತಂತಿಯನ್ನು ಮೆಲ್ಲಗೆ ಒತ್ತಿದರೆ ಸ್ವರ ಬದಲಾಗಿ ಅಲ್ಲೇ ನಿಲ್ಲುತ್ತಿತ್ತು. ಅಂದರೆ ತಂತಿ ಆ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಸೀಸದ ಪುಡಿಯನ್ನು ಗಾಡಿಗೆ ಸವರಿದೆ. ಸರಿಹೋಯಿತು. ಖರ್ಚು ಸೊನ್ನೆ.

ಸರಸ್ವತಿ ಪೂಜೆಯ ದಿನ ಕ್ಯಾಂಪಿನಲ್ಲಿ ದಾದು ಮತ್ತೆ ವೇದಿಕೆ ಹತ್ತಿದರು. ಅದೇ ಹಾಡನ್ನು ಒಂದು ಸಲವೂ ನಿಲ್ಲಿಸದೆ ಮುಗಿಸಿದರು. ಕೆಳಗಿಳಿದ ಮೇಲೆ ಮೊದಲ ತಂತಿಯನ್ನು ತಾವೇ ಬಿಚ್ಚಿ, ತಾವೇ ತೂರಿಸಿ, ಚಕ್ರ ಬಿಗಿದು ತೋರಿಸಿದರು. ‘ಈಗ ಮೊಮ್ಮಗನ್ನ ಕಾಯೋದು ಬೇಕಾಗಿಲ್ಲ’ ಅಂದರು. ಈ ಸಲ ಕಣ್ಣೂ ನಕ್ಕಿತು.

ಗಿಟಾರಿನ ತಲೆಯ ಮೇಲೆ ಅಂಟಿಸಿದ ಗೆರೆ ಹಾಗೇ ಕಾಣುತ್ತದೆ. ಪಾಲಿಶ್ ಹಾಕಿಸಿ ಮುಚ್ಚಿಸುತ್ತೇನೆ ಅಂದೆ, ಬೇಡ ಅಂದರು. ನನ್ನ ಬ್ಯಾಕ್‌ಲಾಗ್ ಪೇಪರಿನ ಫಲಿತಾಂಶ ಇನ್ನೂ ಬಂದಿಲ್ಲ. ವರ್ಮ್ ಗಿಯರಿನ ಪ್ರಶ್ನೆ ಮಾತ್ರ ಈ ಸಲ ಬಿಟ್ಟು ಬಂದಿಲ್ಲ. ನಾಳೆ ಯಾವುದಾದರೂ ಇಂಟರ್‌ವ್ಯೂನಲ್ಲಿ ‘ಏನು ಪ್ರಾಜೆಕ್ಟ್ ಮಾಡಿದ್ದೀಯಪ್ಪ’ ಎಂದು ಕೇಳಿದರೆ, ಮುರಿದದ್ದನ್ನು ಮೊದಲು ಹೇಳಿ, ಆಮೇಲೆ ಕೂಡಿಸಿದ್ದನ್ನು ಹೇಳುತ್ತೇನೆ.