ಅಗಸಿಯಿಂದ ಜಾತ್ರೆ ಮೈದಾನದವರೆಗೆ ಎತ್ತುಗಳ ಓಟ

ಕಾರಹುಣ್ಣಿಮೆಯ ಸಂಜೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಊರಬಾಗಿಲಾದ ಅಗಸಿ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿದ ಎತ್ತುಗಳು ಒಮ್ಮೆಲೇ ನುಗ್ಗಿ, ಅಗಸಿಗೆ ಅಡ್ಡ ಕಟ್ಟಿದ ಹಗ್ಗವಾದ ಕರಿಯನ್ನು ಹರಿಯುತ್ತವೆ. ಕೆಂದೆತ್ತು ಮುಂದಾದರೆ ಮುಂಗಾರಿ ಪೀಕು, ಬಿಳಿ ಎತ್ತು ಮುಂದಾದರೆ ಹಿಂಗಾರಿ ಜೋಳ ಕೈಹಿಡಿಯುತ್ತದೆ ಎಂಬುದು ರೈತರ ನಂಬಿಕೆ.

ಹಬ್ಬದ ಈ ಓಟಕ್ಕೆ ಬಹುಮಾನ, ಅಳತೆ, ನಿಯಮ ಸೇರುವುದು ಜಾತ್ರೆ ಮೈದಾನದಲ್ಲಿ. ಅಲ್ಲಿ ಜೋಡೆತ್ತಿನ ಗಾಡಿ ಓಟಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ತೆರಬಂಡಿ. ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಎತ್ತುಗಳು ನಿಗದಿತ ಸಮಯದಲ್ಲಿ ಎಷ್ಟು ದೂರ ಎಳೆಯುತ್ತವೆ ಎಂಬುದೇ ಲೆಕ್ಕ. ಎರಿ ನೆಲ ಗಟ್ಟಿಯಿದ್ದರೆ ಬಂಡಿ ಜಾರುತ್ತದೆ, ಸಡಿಲಿದ್ದರೆ ಗಾಲಿ ಹೂತು ಭಾರ ಏರುತ್ತದೆ. ಎತ್ತು ಮೊಣಕಾಲು ಬಾಗಿಸಿ, ಹೆಗಲನ್ನು ನೊಗಕ್ಕೆ ಒತ್ತಿ, ಗೊರಸು ಊರುತ್ತದೆ. ಬಂಡಿ ಕದಲಿದ ಕ್ಷಣ ಜನರ ಕೇಕೆ ಮುಗಿಲು ಮುಟ್ಟುತ್ತದೆ. ಅಷ್ಟು ಹೊತ್ತಿನ ಆಟಕ್ಕೆ ವರ್ಷವಿಡೀ ಹತ್ತಿಕಾಳು, ಹಿಂಡಿ, ಹುರುಳಿ ನುಚ್ಚು ಉಣಿಸಿರಬೇಕು.

ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೆ ಎತ್ತು ಬೇಕೇಬೇಕು ಎಂಬ ಕಾಲ ಹೋಯಿತು. ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ರಿವರ್ಸ್ ಓಡಿಸುವ ಸ್ಪರ್ಧೆಯೂ ಶುರುವಾಗಿದೆ. ಆದರೂ ಸಾಲ ಮಾಡಿಯಾದರೂ ಖಿಲಾರಿ ತಳಿಯ ಜೋಡಿ ಕಟ್ಟುವವರು ಇದ್ದಾರೆ. ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲವಿದು, ಎತ್ತಿಗೂ ಬಸವಣ್ಣನೆಂದೇ ಕೈಮುಗಿಯುತ್ತಾರೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಒಳ್ಳೆಯ ಜೋಡಿಯ ಮುಂದೆ ಜನ ನಿಂತೇ ಇರುತ್ತಾರೆ.

ಈ ಓಟಗಳಿಗೆ ಕಾನೂನಿನ ಅಡ್ಡಿಯೂ ಬಂದಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳಿಗೆ ತಡೆ ಹಾಕಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ಕಂಬಳದ ಜೊತೆಗೆ ಎತ್ತಿನ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನಗತ್ಯ ನೋವು ಕೊಡಬಾರದು ಎಂಬ ಷರತ್ತು ಮಾತ್ರ ಕಾನೂನಿನಲ್ಲೇ ಇದೆ.

ಈ ಷರತ್ತನ್ನು ಪಾಲಿಸುವ ಹೊಣೆ ಜಾತ್ರಾ ಸಮಿತಿಗಳದು. ಓಟದ ಮೊದಲು ಪಶುವೈದ್ಯರು ಎತ್ತುಗಳನ್ನು ನೋಡಲಿ, ಬಾರುಕೋಲು ಬೀಸಿದ ಜೋಡಿಯನ್ನು ಕಣದಿಂದ ಹೊರಗಿಡಲಿ. ನೋಡಲು ಬರುವವರು ಹಗ್ಗದಾಚೆ ನಿಲ್ಲಿ, ಓಡುವ ಎತ್ತಿನ ದಾರಿಗೆ ಅಡ್ಡ ಬರಬೇಡಿ.