ಫ್ಲೂ ವೈರಸ್ಸಿಗೆ ಎಷ್ಟು ಬಾಗಿಲು?

2005ರ ಮಾರ್ಚ್ ತಿಂಗಳಲ್ಲಿ ಕೆನಡಾದ ವಿನಿಪೆಗ್ ನಗರದ ರಾಷ್ಟ್ರೀಯ ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಒಂದು ಫ್ಲೂ ವೈರಸ್ ಪರೀಕ್ಷೆಗಾಗಿ ಬಂದಿತು. ಅದರ ಬಗೆ ಯಾವುದೆಂದು ಗುರುತಿಸಿದ ತಜ್ಞರು ಬೆಚ್ಚಿದರು. ಅದು ಎಚ್2ಎನ್2. 1957ರಲ್ಲಿ 'ಏಷ್ಯನ್ ಫ್ಲೂ' ಎಂಬ ಜಾಗತಿಕ ಪಿಡುಗಿಗೆ ಕಾರಣವಾಗಿ, 1968ರ ಹೊತ್ತಿಗೆ ಮನುಷ್ಯರಲ್ಲಿ ಕಣ್ಮರೆಯಾಗಿದ್ದ ವೈರಸ್. ಅದು ಮತ್ತೆ ಎಲ್ಲಿಂದ ಬಂತು?

ಹುಡುಕಿದಾಗ ತಿಳಿದದ್ದು ಇಷ್ಟು: ಪ್ರಯೋಗಾಲಯಗಳು ಸರಿಯಾಗಿ ಪರೀಕ್ಷೆ ಮಾಡುತ್ತಿವೆಯೇ ಎಂದು ಒರೆಗೆ ಹಚ್ಚಲು ಕಳಿಸುವ ಮಾದರಿ ಕಿಟ್ಟುಗಳಲ್ಲಿ ಈ ವೈರಸ್ಸನ್ನು ತುಂಬಲಾಗಿತ್ತು. 18 ದೇಶಗಳ 3,700ಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಅವು ತಲುಪಿದ್ದವು. 1968ರ ನಂತರ ಹುಟ್ಟಿದವರ ದೇಹಕ್ಕೆ ಈ ವೈರಸ್ಸಿನ ಪರಿಚಯವೇ ಇಲ್ಲ. ಆದ್ದರಿಂದ ಅದರ ವಿರುದ್ಧ ರೋಗನಿರೋಧಕ ಶಕ್ತಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಮಾದರಿಗಳನ್ನು ನಾಶಪಡಿಸಲಾಯಿತು. ಅದೃಷ್ಟವಶಾತ್ ಯಾರಿಗೂ ಸೋಂಕು ತಗಲಿದ ವರದಿಯಾಗಲಿಲ್ಲ.

ಹಾಗಾದರೆ ಇಂಥ ವೈರಸ್ಸನ್ನು ಎಲ್ಲಿ, ಹೇಗೆ ನಿರ್ವಹಿಸಬೇಕು?

ನಾಲ್ಕು ಮಟ್ಟಗಳು

ರೋಗಾಣುಗಳೊಂದಿಗೆ ಕೆಲಸ ಮಾಡುವ ಪ್ರಯೋಗಾಲಯಗಳಲ್ಲಿ ನಾಲ್ಕು ಜೈವಿಕ ಸುರಕ್ಷತಾ ಮಟ್ಟಗಳಿವೆ. ಆರೋಗ್ಯವಂತರಿಗೆ ರೋಗ ತಾರದ ಸೂಕ್ಷ್ಮಜೀವಿಗಳಿಗೆ 1ನೆಯ ಮಟ್ಟ ಸಾಕು. ನಿಮ್ಮ ಶಾಲೆಯ ಪ್ರಯೋಗಶಾಲೆ ಈ ಗುಂಪಿಗೆ ಸೇರುತ್ತದೆ. ಪ್ರತಿವರ್ಷ ಬರುವ ಸಾಮಾನ್ಯ ಫ್ಲೂ ವೈರಸ್ಸಿಗೆ 2ನೆಯದು. ಗಾಳಿಯ ಮೂಲಕ ಹರಡಿ ಪ್ರಾಣಾಪಾಯ ತರಬಲ್ಲವಕ್ಕೆ 3ನೆಯದು. ಹಿಂದೆ ಲಸಿಕೆಯಾಗಲಿ ಚಿಕಿತ್ಸೆಯಾಗಲಿ ಇಲ್ಲದಿದ್ದ ಎಬೋಲದಂಥ ಮಾರಕ ವೈರಸ್‌ಗಳಿಗೆ 4ನೆಯದು ಎಂಬುದು ಮೂಲ ಕಲ್ಪನೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಕೂಡ ಅಮೆರಿಕದ ಪಟ್ಟಿಯಲ್ಲಿ 4ನೆಯ ಮಟ್ಟದಲ್ಲಿದೆ.

ಹಕ್ಕಿಜ್ವರದ ಮಾರಕ ಎಚ್5ಎನ್1, 1918ರ ವೈರಸ್, ಹಳೆಯ ಎಚ್2ಎನ್2 – ಇವುಗಳನ್ನು ಬೆಳೆಸಲು '3ನೆಯ ಮಟ್ಟದ ಜೊತೆಗೆ ಹೆಚ್ಚುವರಿ ರಕ್ಷಣೆ' ಬೇಕು. ಫ್ಲೂ ವಿರುದ್ಧ ಔಷಧಿಗಳೂ ಲಸಿಕೆ ತಯಾರಿಸುವ ವಿಧಾನಗಳೂ ಇರುವುದರಿಂದ 4ನೆಯ ಮಟ್ಟವನ್ನು ಕಡ್ಡಾಯ ಮಾಡಿಲ್ಲ.

ಗಾಳಿ ಒಳಮುಖವಾಗಿ

ಇಂಥ ಪ್ರಯೋಗಾಲಯಕ್ಕೆ ಒಂದರ ನಂತರ ಒಂದರಂತೆ ಎರಡು ಬಾಗಿಲುಗಳಿರುತ್ತವೆ. ಒಂದು ಮುಚ್ಚಿಕೊಳ್ಳದೆ ಇನ್ನೊಂದನ್ನು ತೆರೆಯುವಂತಿಲ್ಲ. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇರಿಸುತ್ತಾರೆ. ಗಾಳಿ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆಂದು ನಿಮಗೆ ತಿಳಿದಿದೆ. ಆದ್ದರಿಂದ ಬಾಗಿಲು ತೆರೆದಾಗ ಅಥವಾ ಗೋಡೆಯಲ್ಲಿ ಬಿರುಕು ಬಿಟ್ಟಾಗ ಗಾಳಿ ಒಳಕ್ಕೆ ನುಗ್ಗುತ್ತದೆಯೇ ಹೊರತು ಹೊರಕ್ಕೆ ಸೋರುವುದಿಲ್ಲ.

ವೈರಸ್ಸನ್ನು ತೆರೆದ ಮೇಜಿನ ಮೇಲೆ ಮುಟ್ಟುವಂತಿಲ್ಲ. ಪಿಪೆಟ್ಟಿನಿಂದ ಹನಿ ಬಿಡುವಾಗ, ನಳಿಕೆಯ ಮುಚ್ಚಳ ತೆಗೆಯುವಾಗ ಕಣ್ಣಿಗೆ ಕಾಣದ ತುಂತುರು ಏಳುತ್ತದೆ. ಅದಕ್ಕಾಗಿ ಗಾಳಿಯ ತೆರೆಯಿರುವ ಸುರಕ್ಷತಾ ಕಪಾಟಿನೊಳಗೇ ಕೆಲಸ. ಕೆಲಸಗಾರರಿಗೆ ಶುದ್ಧಗಾಳಿ ಪೂರೈಸುವ ಶಿರಸ್ತ್ರಾಣ, ಎರಡು ಜೊತೆ ಕೈಗವಸು, ಹೊರಬರುವಾಗ ಸ್ನಾನ. ತ್ಯಾಜ್ಯವೆಲ್ಲ ಆಟೊಕ್ಲೇವ್‌ನಲ್ಲಿ ಒತ್ತಡದ ಹಬೆಗೆ, ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ಗೆ, ಸಿಕ್ಕಿದ ನಂತರವೇ ಹೊರಗೆ.

ಸೋಸುಕದ ಒಗಟು

ಹೊರಹೋಗುವ ಗಾಳಿ 'ಹೆಪಾ' ಸೋಸುಕದ ಮೂಲಕ ಹಾಯಬೇಕು. ಇದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 99.97 ಶೇಕಡಾ ಭಾಗವನ್ನು ಹಿಡಿಯುತ್ತದೆ. ಆದರೆ ಫ್ಲೂ ವೈರಸ್ಸಿನ ವ್ಯಾಸ ಸುಮಾರು 0.1 ಮೈಕ್ರಾನ್. ಅದು ನುಸುಳಿ ಹೋಗುವುದಿಲ್ಲವೆ? ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ಸೋಸುಕವನ್ನು ಜರಡಿಯೆಂದು ಭಾವಿಸುವುದೇ ಇಲ್ಲಿನ ತೊಡಕು. ಅದು ಅಡ್ಡಾದಿಡ್ಡಿ ಹೆಣೆದ ನೂಲೆಳೆಗಳ ದಟ್ಟ ಹಾಸು. ದೊಡ್ಡ ಕಣಗಳು ಗಾಳಿಯೊಂದಿಗೆ ತಿರುಗಲಾಗದೆ ಜಡತ್ವದಿಂದಾಗಿ ಎಳೆಗಳಿಗೆ ಬಡಿದು ಅಂಟಿಕೊಳ್ಳುತ್ತವೆ. ತೀರ ಸಣ್ಣ ಕಣಗಳಿಗೆ ಗಾಳಿಯ ಅಣುಗಳು ನಿರಂತರ ಡಿಕ್ಕಿ ಹೊಡೆಯುವುದರಿಂದ ಅವು ನೇರ ಸಾಗದೆ ಅತ್ತಿತ್ತ ಹೊಯ್ದಾಡುತ್ತ ಎಳೆಗಳಿಗೆ ತಾಗುತ್ತವೆ. ಇದು ನಿಮಗೆ ಪರಿಚಿತವಾದ ಬ್ರೌನಿಯನ್ ಚಲನೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನ್ ಕಣವೇ ಹಿಡಿಯಲು ಅತಿ ಕಷ್ಟವಾದದ್ದು. ಆದ್ದರಿಂದಲೇ ಸೋಸುಕವನ್ನು ಆ ಗಾತ್ರದಲ್ಲಿ ಪರೀಕ್ಷಿಸುತ್ತಾರೆ. ಅದಕ್ಕಿಂತ ಚಿಕ್ಕ ವೈರಸ್ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತದೆ.

ಅಪಾಯವಿದ್ದರೂ ಏಕೆ?

1918ರ ಫ್ಲೂ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಬಲಿ ತೆಗೆದುಕೊಂಡಿತೆಂಬ ಅಂದಾಜಿದೆ. ಅಲಾಸ್ಕದ ಹೆಪ್ಪುಗಟ್ಟಿದ ನೆಲದಲ್ಲಿ ಹೂಳಲ್ಪಟ್ಟಿದ್ದ ದೇಹದ ಶ್ವಾಸಕೋಶವೂ ಸೇರಿದಂತೆ ಹಳೆಯ ಅಂಗಾಂಶಗಳಿಂದ ಆ ವೈರಸ್ಸಿನ ತಳಿಮಾಹಿತಿಯನ್ನು ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಸಂಗಡಿಗರು ಓದಿದರು. 2005ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿ ಟೆರೆನ್ಸ್ ಟಂಪಿ ವೈರಸ್ಸನ್ನು ಮರುಸೃಷ್ಟಿಸಿದರು. ಅದನ್ನು ಮುಟ್ಟಲು ಅವರೊಬ್ಬರಿಗೇ ಅನುಮತಿಯಿತ್ತು. ಸಹೋದ್ಯೋಗಿಗಳು ಮನೆಗೆ ಹೋದ ಮೇಲೆ, ಫ್ಲೂ ನಿರೋಧಕ ಔಷಧಿ ಸೇವಿಸುತ್ತ ಕೆಲಸ ಮಾಡಬೇಕಿತ್ತು. ವೈರಸ್ ಇಟ್ಟ ಶೀತಕ ತೆರೆಯಲು ಕಣ್ಣಿನ ಪಾಪೆಯ ಗುರುತೇ ಕೀಲಿ.

ಇಂಥ ಕೆಲಸದಿಂದ ವೈರಸ್ಸಿನ ಯಾವ ಭಾಗ ಮಾರಕವೆಂದು ತಿಳಿಯುತ್ತದೆ. ಹಕ್ಕಿಜ್ವರದ ಎಚ್5ಎನ್1 ವೈರಸ್ಸಿನ ಹೊರಮೈಯ ಪ್ರೋಟೀನಿನಲ್ಲಿ ಕ್ಷಾರೀಯ ಅಮೈನೊ ಆಮ್ಲಗಳ ಒಂದು ಚಿಕ್ಕ ಸಾಲಿದೆ. ಅದರಿಂದಾಗಿ ವೈರಸ್ ಹಕ್ಕಿಯ ಹಲವು ಅಂಗಗಳಲ್ಲಿ ಬೆಳೆಯಬಲ್ಲದು. ಈ ಸಾಲನ್ನು ತೆಗೆದುಹಾಕಿದರೆ ವೈರಸ್ ಸೌಮ್ಯವಾಗುತ್ತದೆ. ಕೋಳಿಮೊಟ್ಟೆಯ ಭ್ರೂಣವನ್ನು ಕೊಲ್ಲದೆ ಅದರಲ್ಲಿ ಬೆಳೆಸಿ ಲಸಿಕೆ ತಯಾರಿಸಬಹುದು.

ಆದರೆ ಎಲ್ಲ ಪ್ರಯೋಗಗಳಿಗೂ ಒಮ್ಮತವಿಲ್ಲ. 2011ರಲ್ಲಿ ರಾನ್ ಫೌಷಿಯೆ ಮತ್ತು ಯೋಶಿಹಿರೊ ಕವಾವೊಕ ಅವರ ತಂಡಗಳು ಎಚ್5 ವೈರಸ್ಸನ್ನು ಫೆರೆಟ್ ಎಂಬ ಪ್ರಾಣಿಗಳ ನಡುವೆ ಗಾಳಿಯಲ್ಲಿ ಹರಡುವಂತೆ ಬದಲಿಸಿದ ಸುದ್ದಿ ತೀವ್ರ ಚರ್ಚೆಗೆ ಕಾರಣವಾಯಿತು. ಸಂಶೋಧಕರು 2012ರ ಜನವರಿಯಿಂದ ಸುಮಾರು ಒಂದು ವರ್ಷ ಅಂಥ ಕೆಲಸವನ್ನು ಸ್ವತಃ ನಿಲ್ಲಿಸಿದರು.

ಸೋರಿದ್ದು ಗೋಡೆಯಿಂದಲ್ಲ

2014ರಲ್ಲಿ ಅದೇ ರೋಗ ನಿಯಂತ್ರಣ ಕೇಂದ್ರದಿಂದ ಎಚ್9ಎನ್2 ಎಂಬ ಸೌಮ್ಯ ಬಗೆಯ ಮಾದರಿ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಹೋಯಿತು. ಅದನ್ನು ಚುಚ್ಚಿದ ಕೋಳಿಗಳು ಸತ್ತವು! ಪರೀಕ್ಷಿಸಿದಾಗ ಅದರಲ್ಲಿ ಮಾರಕ ಎಚ್5ಎನ್1 ಬೆರೆತಿತ್ತು. ಎರಡು ವೈರಸ್‌ಗಳನ್ನು ನಿರ್ವಹಿಸುವಾಗ ತೋರಿದ ಆತುರ ಇದಕ್ಕೆ ಕಾರಣವೆಂದು ತನಿಖೆ ಹೇಳಿತು. ಮಾದರಿ ತಲುಪಿದ್ದೂ ಉನ್ನತ ಸುರಕ್ಷತೆಯ ಪ್ರಯೋಗಾಲಯವಾದ್ದರಿಂದ ಯಾರಿಗೂ ಸೋಂಕಾಗಲಿಲ್ಲ. ಬಾಗಿಲು, ಒತ್ತಡ, ಸೋಸುಕ ಎಲ್ಲವೂ ಸರಿಯಾಗಿದ್ದವು. ವೈರಸ್ ಹೊರಬಿದ್ದದ್ದು ತಪ್ಪು ಹೆಸರಿನ ಚೀಟಿಯ ಕೆಳಗೆ. 2005ರ ಕಿಟ್ಟುಗಳ ಕಥೆಯೂ ಇದೇ ಅಲ್ಲವೆ?

ನಮ್ಮ ದೇಶದಲ್ಲಿ

ಭಾರತದಲ್ಲಿ ಹಕ್ಕಿಜ್ವರ ಮೊದಲು ದೃಢಪಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ. ಮಾದರಿಗಳನ್ನು ಪರೀಕ್ಷಿಸಿದ್ದು ಭೋಪಾಲದ ಉನ್ನತ ಸುರಕ್ಷತಾ ಪ್ರಾಣಿರೋಗ ಪ್ರಯೋಗಾಲಯ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೋಳಿ ಅಭಿವೃದ್ಧಿ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತಾಗಲೂ ಮಾದರಿಗಳು ಭೋಪಾಲಕ್ಕೇ ಹೋದವು. ಮನುಷ್ಯರ ವೈರಸ್‌ಗಳಿಗಾಗಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಿಂದ 4ನೆಯ ಮಟ್ಟದ ಪ್ರಯೋಗಾಲಯವೂ ಇದೆ.

ಶಿಕ್ಷಕರು ಈ ವಿಷಯವನ್ನು ತರಗತಿಯಲ್ಲಿ ಚರ್ಚಿಸುವಾಗ ಶಾಲೆಯ ಪ್ರಯೋಗಶಾಲೆಯಿಂದಲೇ ಆರಂಭಿಸಬಹುದು. ಸೀಸೆಗಳ ಮೇಲೆ ಹೆಸರು, ದಿನಾಂಕಗಳಿವೆಯೇ? ಪಿಪೆಟ್ಟನ್ನು ಬಾಯಿಂದ ಹೀರುವ ಅಭ್ಯಾಸ ನಿಂತಿದೆಯೇ? ಕೆಲಸ ಮುಗಿದ ಮೇಲೆ ಎಲ್ಲರೂ ಕೈ ತೊಳೆಯುತ್ತಾರೆಯೇ? ಭೋಪಾಲದಲ್ಲಾಗಲಿ ಪುಣೆಯಲ್ಲಾಗಲಿ ಮುಂದೆ ಕೆಲಸ ಮಾಡಬೇಕಾದವರು ಈಗ ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.